ಎಲ್ಲರೂ ಎರೆದುಕೊಂಡ ರವಿವಾರ

೧

ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ. ವಿಕಾಸವಾದದ ಬಗ್ಗೆ ಕಥೆ ಬರೆಯುತ್ತೇನೆ ಎಂದು ನಾನಾಗಿಯೇ ಹೇಳಿಕೊಂಡು ಕೂತಿದ್ದೇನೆ, ಯಾರೂ ನನ್ನ ಕುತ್ತಿಗೆ ಹಿಡಿದಿರಲಿಲ್ಲ. ಮೊದಲ ಡ್ರಾಫ್ಟಿನಲ್ಲಿ ಒಂದು ಮಂಗ ಇತ್ತು. ಗೋಳಗುಮ್ಮಟದ ತೋಟದಲ್ಲಿ ಕೂತು, ಪ್ರವಾಸಿಗರ ಕೈಯಿಂದ ಶೇಂಗಾ ಕಸಿದು ತಿನ್ನುತ್ತ, ಮನುಷ್ಯನಾಗುವ ಕನಸು ಕಾಣುತ್ತಿತ್ತು. ಎರಡು ಪುಟ ಆಗುವಷ್ಟರಲ್ಲಿ ಮಂಗಕ್ಕೂ ಬೇಸರ ಬಂತು, ನನಗೂ ಬಂತು. ಎರಡನೆಯ ಡ್ರಾಫ್ಟು "ಕೋಟ್ಯಂತರ ವರ್ಷಗಳ ಹಿಂದೆ" ಎಂದು ಆರಂಭವಾಗುತ್ತಿತ್ತು. ಕೋಟ್ಯಂತರ ವರ್ಷಗಳ ಹಿಂದೆ ಸೊಲ್ಲಾಪುರ ರಸ್ತೆ ಇರಲಿಲ್ಲ, ಆ ರಸ್ತೆಯಲ್ಲಿ ನಾನು ಕೆಲಸ ಮಾಡುವ ಬ್ಯಾಂಕು ಇರಲಿಲ್ಲ, ಎದುರಿನ ಚಹಾದಂಗಡಿಯಂತೂ ಇರಲೇ ಇಲ್ಲ. ಅಂಥ ಕಡೆ ಹೋಗಿ ನಾನೇನು ಬರೆಯಲಿ? ಅದನ್ನೂ ಹರಿದು ಹಾಕಿದೆ.

ಆದ್ದರಿಂದ ಮೂರನೆಯ ಸಲ ಹೇನಿನಿಂದ ಶುರು ಮಾಡುತ್ತೇನೆ. (ಮುಖ ಸಿಂಡರಿಸಬೇಡಿ. ನಿಮ್ಮ ಕೈ ಆಗಲೇ ತಲೆಗೆ ಹೋಯಿತು, ನಾನು ನೋಡಿದೆ. ನನ್ನದೂ ಹೋಗಿದೆ. ಬರೆಯುವಾಗ ತಲೆ ಕೆರೆದುಕೊಳ್ಳುವುದು ಲೇಖಕರ ಹುಟ್ಟುಗುಣ, ಅದಕ್ಕೆ ಬೇರೆ ಅರ್ಥ ಹಚ್ಚಬೇಡಿ.)

೨

ಇಬ್ರಾಹಿಂಪುರದಲ್ಲಿ, ರೈಲು ಹಳಿಯ ಹತ್ತಿರ, ಭಾಗೀರಥೀಬಾಯಿಯವರ ಮನೆ. ಕೆಳಗೆ ಅವರು, ಅವರ ಮಗ, ಸೊಸೆ, ಮೂರನೆಯ ಇಯತ್ತೆಯ ಮೊಮ್ಮಗಳು ಪೂರ್ವಾ. ಮಾಳಿಗೆಯ ಮೇಲಿನ ಒಂದೇ ಖೋಲಿಯಲ್ಲಿ ಕಾಲೇಜು ಓದುವ ಮೂವರು ಹುಡುಗಿಯರು ಬಾಡಿಗೆಗೆ ಇದ್ದಾರೆ: ಬಬಲೇಶ್ವರದ ಶೈಲಾ, ತಿಕೋಟಾದ ಹೀನಾ, ಕನಮಡಿಯ ನಂದಾ. ನಂದಾ ಬಿಎಸ್ಸಿ ಎರಡನೆಯ ವರ್ಷ, ಪ್ರಾಣಿಶಾಸ್ತ್ರ. ಅವಳ ಜಡೆ ಸೊಂಟ ದಾಟಿ ಕೆಳಗಿಳಿಯುತ್ತದೆ. ಈ ಜಡೆಯ ಮೇಲೆ ಒಂದು ಕಣ್ಣಿಡಿ.

ಒಂದು ಮಂಗಳವಾರ ಪೂರ್ವಾಳನ್ನು ಶಾಲೆಯಿಂದ ಅರ್ಧಕ್ಕೇ ಮನೆಗೆ ಕಳಿಸಿದರು. ತಲೆಯಲ್ಲಿ ಹೇನು. ಪೂರ್ವಾ ದಿನಾ ಸಂಜೆ ಮೇಲೆ ಹೋಗಿ ನಂದಾಳ ತೊಡೆಯ ಮೇಲೆ ಮಲಗಿ ಮೊಬೈಲ್ ನೋಡುವವಳು. ಭಾಗೀರಥೀಬಾಯಿ ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ಇತ್ತು.

"ಯಾರ ತಲಿಯಿಂದ ಬಂದದ ಅಂತ ನನಗ ಗೊತ್ತದ. ಅಷ್ಟುದ್ದ ಕೂದಲಾ ಬಿಟಗೊಂಡು ಕೂತಾಕಿ ಈ ಮನ್ಯಾಗ ಒಬ್ಬಾಕಿನೇ. ನಂದಾ, ಬರೂ ರವಿವಾರದೊಳಗ ಹೆಗಲತನಾ ಕತ್ತರಿಸ್ಕೊ. ಇಲ್ಲಾಂದ್ರ ಖೋಲಿ ಬಿಡು."

"ಆಯಿ, ನಾನ ತಂದೇನಿ ಅಂತ ಹೆಂಗ ಹೇಳ್ತೀರಿ?"

"ಮತ್ತ ಹೇನು ಬಂದು ಸಾಕ್ಷಿ ಹೇಳಬೇಕೇನು? ಕೆಳಗ ಕೂಸು ಅಳಲಿಕ್ಕತ್ತದ. ಸೊಸಿ ಮಾತು ಬಿಟ್ಟಾಳ ನನ್ನ ಕೂಡ. ಬಾಡಿಗಿಗೆ ಹುಡುಗ್ಯಾರನ್ನ ಇಟಗೋಬ್ಯಾಡ್ರಿ ಅಂತ ಹೇಳಿದ್ದೆ ಅಂತಾಳ."

ಖೋಲಿ ಬಿಟ್ಟರೆ ನಂದಾ ಕನಮಡಿಯಿಂದ ದಿನಾ ಬಸ್ಸಿನಲ್ಲಿ ಬರಬೇಕು, ಬೆಳಗಿನ ಪ್ರಾಕ್ಟಿಕಲ್ಲಿಗೆ ಆ ಬಸ್ಸು ಮುಟ್ಟುವುದಿಲ್ಲ. ಜಡೆ ಕತ್ತರಿಸಿಕೊಂಡು ಊರಿಗೆ ಹೋದರೆ, ಏನು ಜಡ್ಡು ಬಂದಿತ್ತವಾ ಎಂದು ಬಸ್‌ಸ್ಟ್ಯಾಂಡಿನಲ್ಲಿಯೇ ಕೇಳುತ್ತಾರೆ. ಇವೆರಡನ್ನೂ ಬದಿಗಿಡಿ. ಆ ಜಡೆ ಅವಳಿಗೆ ಇಷ್ಟ. ಕನ್ನಡಿಯ ಮುಂದೆ ನಿಂತು ಅದನ್ನು ಮುಂದೆ ಎಳೆದುಕೊಂಡು ನೋಡಿದಾಗ ಅವಳಿಗೆ ಖುಷಿಯಾಗುತ್ತದೆ.

"ಕತ್ತರಿಸಂಗಿಲ್ಲ," ಎಂದಳು ನಂದಾ. "ಖೋಲಿನೂ ಬಿಡಂಗಿಲ್ಲ."

೩

(ಹೊಡೆದು ಹಾಕಿದ ಪ್ಯಾರಾ. ಓದಿ, ಆದರೆ ನಂಬಬೇಡಿ.)

ಒಂದು ಬಸುರಿ ಹೇನು ಕನಮಡಿಯಲ್ಲಿ ನಂದಾಳ ತಲೆಯೇರಿ ಬಸ್ಸು ಹತ್ತಿತು. ತಿಕೋಟಾ ದಾಟುವಾಗ ನಂದಾ ತೂಕಡಿಸಿದಳು, ಹೇನು ಎಚ್ಚರವಾಗಿತ್ತು. ಇಬ್ರಾಹಿಂಪುರದ ಮಾಳಿಗೆಯ ಮೇಲೆ ಅದು ಹೊಸ ಸಂತಾನ ಶುರು ಮಾಡಿತು. ಹೀಗೆ ಬೆರಳೆಣಿಕೆಯ ಜೀವಿಗಳು ಹೊಸ ಜಾಗಕ್ಕೆ ಹೋಗಿ ಬೀಡುಬಿಟ್ಟರೆ, ಮುಂದೆ ಹುಟ್ಟುವವೆಲ್ಲ ಆ ಕೆಲವೇ ಹಿರಿಯರ ಗುಣಗಳನ್ನು ಹೊತ್ತಿರುತ್ತವೆ. ಇದಕ್ಕೆ ಪುಸ್ತಕದಲ್ಲಿ ಸ್ಥಾಪಕ ಪರಿಣಾಮ ಎಂಬ ಹೆಸರಿದೆ.

ಈ ಪ್ಯಾರಾ ನನಗೆ ಬಹಳ ಹಿಡಿಸಿತ್ತು. ನಂದಾಳಿಗೆ ಹಿಡಿಸಲಿಲ್ಲ.

"ಅಕ್ಕಾರ, ಇದೇನ ಬರದೀರಿ? ನೀವೂ ಆಯಿ ಪಾರ್ಟಿನ ಏನು?"

"ಕಥೆಗೆ ಒಂದು ಮೂಲ ಬೇಕಲ್ಲ, ನಂದಾ."

"ಮೂಲ ಬೇಕಂದ್ರ ಕನಮಡಿನ ಆಗಬೇಕೇನ್ರಿ? ಬಬಲೇಶ್ವರ ಬಸ್ಸಿನ್ಯಾಗ ಮಂದಿ ತಲಿ ಮನ್ಯಾಗ ಇಟ್ಟು ಬರ್ತಾರೇನು?"

"ಏ, ನಮ್ಮೂರ ಸುದ್ದಿಗೆ ಯಾಕ ಬರ್ತಿ ಲೇ?" ಎಂದು ಶೈಲಾ ಮಂಚದಿಂದ ಎದ್ದಳು. "ತಿಕೋಟಾ ಬಸ್ಸಿನ್ಯಾಗ ಗದ್ದಲ ಕಡಿಮಿ ಐತೇನು?"

"ನನ್ನ ಯಾಕ ಎಳೀತೀರಿ ನಡುವ?" ಎಂದಳು ಹೀನಾ. "ನಾ ತಲಿಗೆ ಓಡ್ನಿ ಬಿಗೀ ಕಟಗೊಂಡ ಬರ್ತೇನಿ."

ಮೂವರೂ ಜಗಳಕ್ಕೆ ಬಿದ್ದರು. ನಾನು ಪ್ಯಾರಾದ ಮೇಲೆ ಗೆರೆ ಎಳೆದೆ. ಎಲ್ಲಿಂದ ಬಂದಿತೆಂದು ಯಾರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

೪

ನಿಮಗೆ ಸುಳ್ಳು ಹೇಳುವುದಿಲ್ಲ, ಜಡೆ ಕತ್ತರಿಸಬೇಕೆಂದೇ ನನ್ನ ಆಸೆಯಿತ್ತು. ನೆಲದ ಮೇಲೆ ಬಿದ್ದ ಜಡೆ, ಪಕ್ಕದಲ್ಲಿ ಕತ್ತರಿ, ದೂರದಲ್ಲಿ ಹೋಗುವ ರೈಲಿನ ಸದ್ದು. ಇಂಥದ್ದೊಂದು ಚಿತ್ರ ಸಿಕ್ಕರೆ ಕಥೆ ತಾನಾಗಿಯೇ ಮುಗಿಯುತ್ತದೆ, ಸಂಪಾದಕರೂ ಕಣ್ಣೊರೆಸಿಕೊಳ್ಳುತ್ತಾರೆ. ನಂದಾಳಿಗೆ ಇದನ್ನು ಹೇಳಿದೆ.

"ನಿಮ್ಮ ಕತಿ ಚೊಲೋ ಆಗಲಿ ಅಂತ ನನ್ನ ಜಡಿ ಕೊಡಬೇಕೇನ್ರಿ? ನಿಮ್ಮದಾ ಕತ್ತರಿಸ್ಕೊಳ್ರಿ."

ನನ್ನದು ಗಂಟು ಹಾಕಿದರೆ ಲಿಂಬೆಹಣ್ಣಿನಷ್ಟಾಗುತ್ತದೆ. ಅದರಿಂದ ಯಾರ ಕಣ್ಣೂ ಒದ್ದೆಯಾಗಲಿಕ್ಕಿಲ್ಲ.

ಸರಿ, ಮುಂದೆ ಬರೆದೆ: ಮೂವರೂ ಅಂಗಡಿಯಿಂದ ಹೇನಿನ ಔಷಧ ತಂದು ಹಚ್ಚಿಕೊಂಡರು. ಹೇನು ಸಾಯಲಿಲ್ಲ. ಯಾಕೆಂದರೆ ವರ್ಷಗಟ್ಟಲೆ ಔಷಧ ಕುಡಿದು ಕುಡಿದು ಹೇನುಗಳು ಅದಕ್ಕೆ ಒಗ್ಗಿಕೊಂಡಿದ್ದವು.

"ತಪ್ಪು," ಎಂದಳು ನಂದಾ. ಪುಸ್ತಕ ತಂದು ಮಂಚದ ಮೇಲೆ ಬಿಡಿಸಿಟ್ಟಳು. ನಾನು ಅವಳ ಮಗ್ಗುಲಿಗೆ ಕೂತು ತಲೆಗೆ ತಲೆ ಹಚ್ಚಿ ಬಗ್ಗಿ ನೋಡಿದೆ. (ಲೇಖಕಿಗೆ ಇದೊಂದು ಸವಲತ್ತು. ಪಾತ್ರಗಳ ಮಂಚದ ಮೇಲೆ ಹೇಳದೆ ಕೇಳದೆ ಕೂರಬಹುದು.)

"ಒಗ್ಗಿಕೊಳ್ಳಾಕ ಅದೇನ ಹೊಸ ಸೊಸಿ ಏನ್ರಿ? ಯಾವ ಹೇನೂ ಏನೂ ಕಲತಿಲ್ಲ. ಔಷಧ ಬರೂಕಿಂತ ಮೊದಲ ಸಾವಿರದಾಗ ಎಲ್ಲೋ ಒಂದರ ಜೀನಿನ್ಯಾಗ ಸಣ್ಣ ಬದಲಾವಣಿ ಆಗಿತ್ತು. ತಾನ ಆಗಿದ್ದು, ಯಾರೂ ಬೇಕಂತ ಮಾಡಿದ್ದಲ್ಲ. ಅದಕ್ಕ ಮ್ಯುಟೇಶನ್ ಅಂತಾರ. ಔಷಧ ಹಚ್ಚಿದ ಮ್ಯಾಲೆ ಉಳಿದಾವು ಸತ್ತು, ಆ ಒಂದು ಉಳೀತು. ಅದು ಮೊಟ್ಟಿ ಇಡ್ತು. ಈಗ ತಲಿ ತುಂಬ ಅದರ ಮಕ್ಕಳು ಮೊಮ್ಮಕ್ಕಳು. ಆ ಔಷಧ ಅವಕ್ಕ ನೀರ ಇದ್ದಂಗ."

"ಅಂದರೆ ಔಷಧವೇ ಅವುಗಳನ್ನು ಆರಿಸಿ ಇಟ್ಟಿತು?"

"ಆರಸೂದಕ್ಕ ಅದಕ್ಕೇನ ಕಣ್ಣ ಅದಾವೇನ್ರಿ? ಆದ್ರ ಆಗಿದ್ದು ಹಂಗಾ. ಒಂದೊಂದು ಹೇನು ಬದಲಾಗಲಿಲ್ಲ, ಹೇನಿನ ಗುಂಪು ಬದಲಾತು. ವಿಕಾಸ ಅಂದ್ರ ಇಷ್ಟಾ. ನೀವು ಮಂಗ್ಯಾನ ಹಿಂದ ಯಾಕ ಹೋಗಿದ್ರಿ?"

ನಾನು ತಲೆ ಕೆರೆದುಕೊಂಡೆ. ಅವಳ ಮಾತು ಖರೆ ಅನ್ನಿಸಿತು. ಆದರೆ ಕಥೆಯಲ್ಲಿ ಇನ್ನೂ ಕತ್ತರಿ ಇತ್ತು, ರವಿವಾರ ಹತ್ತಿರ ಬರುತ್ತಿತ್ತು. ಪುಸ್ತಕ ಮುಚ್ಚುತ್ತ ನಂದಾ ಸಣ್ಣ ದನಿಯಲ್ಲಿ, "ನಂಗ ಅಂಜಿಕಿ ಬರಾಕತ್ತೈತ್ರಿ ಅಕ್ಕಾರ," ಎಂದಳು. ಜಗಳ ಮಾಡುವಾಗ ಅವಳು ಹಾಗೆ ಕಾಣುವುದಿಲ್ಲ. ನನಗೆ ಪಾಪ ಅನ್ನಿಸಿತು. ಆದರೂ ಜಡೆಯ ಚಿತ್ರವನ್ನು ತಲೆಯಿಂದ ಪೂರ್ತಿ ತೆಗೆದು ಹಾಕಲಿಲ್ಲ.

೭

(೫ ಮತ್ತು ೬ ಇಲ್ಲ. ಅವುಗಳಲ್ಲಿ ಒಬ್ಬ ಡಾಕ್ಟರು ಬಂದು ಎಲ್ಲವನ್ನೂ ಬಗೆಹರಿಸಿ ಹೋಗಿಬಿಟ್ಟಿದ್ದರು. ಅವರನ್ನು ಫೀಜು ಕೊಡದೆ ಕಳಿಸಿದೆ.)

ಬುಧವಾರ ಶೈಲಾ ಸೀರಣಿಗೆ ಹಿಡಿದು ಬಚ್ಚಲಿಗೆ ಹೊರಟಳು. ಸೀರಣಿಗೆ ಅಂದರೆ ಹಲ್ಲು ಒತ್ತೊತ್ತಾಗಿರುವ ಸಣ್ಣ ಬಾಚಣಿಗೆ, ಹೇನು ತೆಗೆಯಲಿಕ್ಕೆಂದೇ ಇರುವುದು. ಹೀನಾ ತನಗೂ ಅದು ಬೇಕೆಂದಳು.

"ನೀನೂ ಇವತ್ತ ಎರ್ಕೋತಿಯೇನು?"

"ಇಲ್ಲವಾ, ನಂದು ಶುಕ್ರವಾರ. ಅವತ್ತ ತಲಿ ತೊಳಕೊಂಡು ನಮಾಜು."

ನಂದಾ ಬರೆಯುವುದನ್ನು ನಿಲ್ಲಿಸಿದಳು. "ನಂದು ಸೋಮವಾರ," ಎಂದಳು. ಮನೆಯಲ್ಲಿ ಮೊದಲಿನಿಂದಲೂ ಹಾಗೆ, ಶಿವನ ವಾರ. ಶೈಲಾಳದು ಬುಧವಾರ, ಯಾಕೆಂದರೆ ಹುಟ್ಟಿದ ವಾರ ಎರೆದುಕೊಳ್ಳಬಾರದು, ಅಣ್ಣನಿರುವವಳು ಗುರುವಾರ ಎರೆದುಕೊಳ್ಳಬಾರದು ಎಂದು ಅವಳ ಅವ್ವ ಒಂದೊಂದೇ ವಾರ ತೆಗೆದು ಹಾಕುತ್ತ ಬಂದು ಕೊನೆಗೆ ಅದೊಂದನ್ನು ಉಳಿಸಿದ್ದಳು. ಭಾಗೀರಥೀಬಾಯಿ ಮತ್ತು ಪೂರ್ವಾ, ಮಂಗಳವಾರ. ತಲೆಗೆ ಎಣ್ಣೆ ತಿಕ್ಕಿ, ಬಿಸಿನೀರು ಹಾಕಿ, ಹಿಂದಿನಿಂದ ಇಂದಿನವರೆಗೆ. (ನನ್ನದು ಶನಿವಾರ, ಬ್ಯಾಂಕಿಗೆ ರಜೆ ಇದ್ದಾಗ. ಆದರೆ ನನ್ನನ್ನು ಯಾರೂ ಕೇಳಲಿಲ್ಲ.)

"ಏ, ಇಲ್ಲಿ ಕೇಳ್ರಿ," ಎಂದು ನಂದಾ ಎದ್ದು ನಿಂತಳು. "ಸೋಮವಾರ ನಾ ತಗೀತೇನಿ. ನಿಮ್ಮ ತಲ್ಯಾಗಿನವು ಮಂಗಳವಾರ ನನ್ನ ತಲಿಗೆ ಬರ್ತಾವ. ಬುಧವಾರ ಶೈಲಾ ತಗೀತಾಳ, ಗುರುವಾರ ನನ್ನವು ಆಕಿ ತಲಿಗೆ ಹೊಕ್ಕಾವ. ಮೂರೂ ಮಂದಿ ಒಂದಾ ಚಾದರದಾಗ ಮಲಗೂದು. ಇವು ಮೂರು ತಲಿ ಅಲ್ಲ, ಒಂದಾ ಊರು! ನಾವು ಒಂದೊಂದಾ ಓಣಿ ಕಸಾ ಬಳದು ಕುಂದರಾಕತ್ತೀವಿ."

"ಅದಕ್ಕೂ ಒಂದು ಹೆಸರು ಇರಬೇಕಲ್ಲ?" ಎಂದೆ ನಾನು, ಪೆನ್ನು ತೆಗೆದು.

"ಜೀನ್ ಹರಿವು. ಒಂದು ಗುಂಪಿನಿಂದ ಇನ್ನೊಂದು ಗುಂಪಿಗೆ ಹೋಗಿ ಬಂದು ಮಾಡೂದು. ಬರಕೊಳ್ರಿ, ಆದ್ರ ಈಗ ಸುಮ್ಮನಿರ್ರಿ."

ತಪ್ಪು ಯಾವ ಊರಿನದೂ ಅಲ್ಲ, ಯಾವ ಜಡೆಯದೂ ಅಲ್ಲ. ಐವರೂ ತಮ್ಮ ತಮ್ಮ ವಾರ ಬಿಡದೆ ನಡೆಸಿಕೊಂಡು ಬಂದಿದ್ದರು, ಹೇನುಗಳು ಅದರ ನಡುವೆ ಆರಾಮಾಗಿ ಓಡಾಡಿಕೊಂಡಿದ್ದವು.

೮

ಎಲ್ಲರೂ ಒಂದೇ ದಿನ ಎರೆದುಕೊಳ್ಳಬೇಕು. ಹೇಳುವುದು ಸುಲಭ. ಶುಕ್ರವಾರ ಶೈಲಾ ಹುಟ್ಟಿದ ವಾರ, ಸೋಮವಾರ ಭಾಗೀರಥೀಬಾಯಿಯವರ ಒಪ್ಪತ್ತು, ಬಾಕಿ ವಾರಗಳಲ್ಲಿ ಹುಡುಗಿಯರಿಗೆ ಕಾಲೇಜು. ಉಳಿದದ್ದು ರವಿವಾರ. ಗುರುವಾರ ಸಂಜೆ ನಂದಾ ಕೆಳಗಿಳಿದು ಹೋದಳು. ನಾನು ಹಿಂದೆಯೇ ಹೋದೆ.

ಭಾಗೀರಥೀಬಾಯಿ ಅಕ್ಕಿ ಆರಿಸುತ್ತಿದ್ದರು. ಕತ್ತರಿ ಕಪಾಟಿನ ಮೇಲೆ ಕಾಣುವ ಹಾಗೇ ಇತ್ತು. ಮೂರು ರವಿವಾರ ಎಲ್ಲರೂ ಕೂಡಿ ಎರೆದುಕೊಳ್ಳೋಣ ಎಂದಳು ನಂದಾ.

"ರವಿವಾರ ಎಣ್ಣಿ ಹಚ್ಚಂಗಿಲ್ಲ ನಮ್ಮಲ್ಲಿ. ಹೋಗು."

"ಎಣ್ಣಿ ಬ್ಯಾಡ್ರಿ ಆಯಿ. ನೀರು, ಶಾಂಪೂ, ಮ್ಯಾಲೆ ಕಂಡಿಷನರ್. ಕೂದಲಾ ಜಾರತಾವ, ಹೇನು ಓಡಂಗಿಲ್ಲ. ಸೀರಣಿಗಿ ಹಾಕಿ ಎಳದ್ರ ಬರ್ತಾವ. ಔಷಧಕ್ಕ ಸಾಯದಾವು ಬಾಚಣಿಗಿಗೆ ಏನ ಮಾಡ್ತಾವ?"

"ಮತ್ತ ಸೀರು? ಕೂದಲಿಗೆ ಅಂಟಿದ ತತ್ತಿ ಹಂಗ ಬರತಾವೇನು?"

"ಬರಂಗಿಲ್ಲ. ಅದಕ್ಕಾ ಮೂರು ರವಿವಾರ ಕೇಳಾಕತ್ತೇನಿ. ಈ ರವಿವಾರ ದೊಡ್ಡವು ಹೋಗ್ತಾವ. ಆಮ್ಯಾಲೆ ತತ್ತಿ ಒಡದು ಮರಿ ಬರ್ತಾವ. ಆ ಮರಿ ದೊಡ್ಡವಾಗಿ ಮತ್ತ ತತ್ತಿ ಇಡೂದರೊಳಗ ಇನ್ನೊಂದು ರವಿವಾರ ಬಂದ್ಬಿಡತೈತಿ. ಮೂರನೇದಕ್ಕ ಎಲ್ಲಾದರೂ ಸಣ್ಣ ಮರಿ ಸಿಗಬಹುದು. ದೊಡ್ಡದು ಒಂದೂ ಇರಂಗಿಲ್ಲ."

"ಇದ್ರ?"

ನಂದಾ ಜಡೆಯನ್ನು ಮುಂದಕ್ಕೆ ಎಳೆದುಕೊಂಡು ಎರಡೂ ಕೈಯಲ್ಲಿ ಹಿಡಿದಳು. "ಒಂದಾ ಒಂದು ದೊಡ್ಡ ಹೇನು ನನ್ನ ತಲ್ಯಾಗ ಸಿಕ್ಕರ, ಇದನ್ನ ಹಿಂಗ ಹಿಡಕೊಂಡು ಕುಂದರ್ತೇನಿ. ನೀವಾ ಕತ್ತರಸ್ರಿ. ಆದ್ರ ನೀವೂ ಎರ್ಕೋಬೇಕು, ಪೂರ್ವಾನೂ ಎರ್ಕೋಬೇಕು."

"ನನ್ನ ತಲ್ಯಾಗ ಏನೂ ಇಲ್ಲ!"

"ಇಲ್ದಿದ್ರ ಬಾಚಿದ್ರೇನು ಹೋಗ್ತೈತ್ರಿ?"

ಮುದುಕಿ ಬಹಳ ಹೊತ್ತು ಅಕ್ಕಿ ಆರಿಸಿದರು. ಆಮೇಲೆ, "ಎಣ್ಣಿ ಹಚ್ಚಂಗಿಲ್ಲ ಅಂತ ನಮ್ಮತ್ತಿ ಹೇಳಿದ್ರು. ನೀರು ಹಾಕ್ಕೋಬ್ಯಾಡ ಅಂತೇನ ಹೇಳಿಲ್ಲ," ಎಂದರು.

೯

ಮೊದಲ ರವಿವಾರ. ಮಾಳಿಗೆಯ ಬಿಸಿಲಿನಲ್ಲಿ ಹಳೆಯ ಬಿಳಿ ಧೋತರ ಹಾಸಿ, ಒಬ್ಬರ ಹಿಂದೆ ಒಬ್ಬರು ಸಾಲಾಗಿ ಕೂತರು. ಮುಂದೆ ಪೂರ್ವಾ, ಅವಳ ಹಿಂದೆ ಭಾಗೀರಥೀಬಾಯಿ, ಅವರ ಹಿಂದೆ ಶೈಲಾ, ಹೀನಾ, ನಂದಾ. (ಮಗ, ಸೊಸೆಯ ತಲೆಗಳನ್ನು ಮೊದಲೇ ಬಾಚಿ ನೋಡಿಯಾಗಿತ್ತು, ಏನೂ ಇರಲಿಲ್ಲ.) ನಂದಾಳ ತಲೆ ಬಾಚಲಿಕ್ಕೆ ಹಿಂದೆ ಯಾರೂ ಇಲ್ಲದ್ದರಿಂದ ಸಾಲನ್ನು ಬಳೆಯ ಹಾಗೆ ದುಂಡಗೆ ಮಾಡಿದರು. ಮುದುಕಿಯ ಗಂಟಿನಿಂದಲೂ ಒಂದು ಹೇನು ಬಂತು. ಅವರು ಅದನ್ನು ನೋಡಿ, "ಅಯ್ಯ, ಇದು ಮುದುಕಿ ತಲಿಗೂ ಬರತದೇನು," ಎಂದು ಉಗುರಿನ ಮೇಲಿಟ್ಟು ಹೊಸಕಿದರು. ಯಾರೂ ನಗುವ ಧೈರ್ಯ ಮಾಡಲಿಲ್ಲ.

ಒಂದು ದೊಡ್ಡ ಹೇನು ಔಷಧಕ್ಕೂ ಸೀರಣಿಗೆಗೂ ತಪ್ಪಿಸಿಕೊಂಡು ಬದುಕಿತ್ತು. ಶೈಲಾ ಕೂದಲು ಝಾಡಿಸಿದಾಗ ಟವೆಲ್ಲಿನ ಜೊತೆ ಹಾರಿ ಕಟ್ಟೆಯಾಚೆ ಬಿದ್ದು ಹೋಯಿತು. ಅದು ಗಟ್ಟಿಯಾಗಿರಲಿಲ್ಲ ಎಂದಲ್ಲ, ಅದರ ನಸೀಬು. ನಂದಾ ಇದಕ್ಕೂ ಹೆಸರು ಹೇಳಿದಳು: ಜೀನ್ ಅಲೆತ. ಗುಂಪು ಸಣ್ಣದಾದಷ್ಟೂ ನಸೀಬಿನ ಆಟ ಜಾಸ್ತಿ.

ಎರಡನೆಯ ರವಿವಾರ ಸಾಸಿವೆಗಿಂತ ಸಣ್ಣ ಮರಿಗಳು ಸಿಕ್ಕವು, ಅವಳು ಹೇಳಿದ ಹಾಗೇ. ನಾನು ಖುಷಿಯಾಗಿ ಕಥೆಯನ್ನು ಅಲ್ಲಿಗೇ ನಿಲ್ಲಿಸೋಣವೇ ಎಂದೆ. ಪುಸ್ತಕದಲ್ಲಿ ಒಂದು ಸಮತೋಲದ ನಿಯಮವಿತ್ತು, ನಂದಾಳ ಭುಜಕ್ಕೆ ಒರಗಿ ಅದನ್ನು ಓದಿದೆ: ಗುಂಪು ಬಹಳ ದೊಡ್ಡದಿರಬೇಕು, ಹೊರಗಿನಿಂದ ಯಾರೂ ಬರಬಾರದು, ಒಳಗಿನಿಂದ ಯಾರೂ ಹೋಗಬಾರದು, ಹೊಸ ಮ್ಯುಟೇಶನ್ ಆಗಬಾರದು, ಆಯ್ಕೆ ನಡೆಯಬಾರದು, ಯಾರು ಯಾರ ಜೋಡಿಯಾಗುತ್ತಾರೆ ಎಂಬುದಕ್ಕೆ ಲೆಕ್ಕವಿರಬಾರದು. ಆಗ ಪೀಳಿಗೆಯಿಂದ ಪೀಳಿಗೆಗೆ ಏನೂ ಬದಲಾಗುವುದಿಲ್ಲ.

"ಇಂಥಾ ಗುಂಪು ಎಲ್ಲಿರುತ್ತದೆ ನಂದಾ?"

"ಪೇಪರಿನ್ಯಾಗ. ಇಬ್ರಾಹಿಂಪುರದಾಗ ಇಲ್ರಿ. ಭುಜ ಬಿಡ್ರಿ, ಜೋಮು ಹಿಡದೈತಿ."

೧೦

ಮೂರನೆಯ ರವಿವಾರಕ್ಕೆ ನನ್ನ ಹತ್ತಿರ ಮುಗಿತಾಯಗಳು ತಯಾರಿದ್ದವು.

(ಅ) ಎಲ್ಲರ ತಲೆಯೂ ಸ್ವಚ್ಛ. ಪೂರ್ವಾ ನಗುತ್ತಾಳೆ, ಸೊಸೆ ಚಹಾ ತರುತ್ತಾಳೆ. ಇದನ್ನು ಓದಿ ನನಗೇ ಆಕಳಿಕೆ ಬಂತು.

(ಆ) ದೊಡ್ಡ ಹೇನು ಸಿಗುತ್ತದೆ, ಜಡೆ ಬೀಳುತ್ತದೆ, ರೈಲು ಹೋಗುತ್ತದೆ. ನನ್ನ ಹಳೆಯ ಆಸೆ.

ಕೈ ಕೇಳಲಿಲ್ಲ. (ಆ)ದ ಮೊದಲ ಸಾಲು ಬರೆದೇಬಿಟ್ಟೆ. ಭಾಗೀರಥೀಬಾಯಿ ಈ ಸಲ ನಂದಾಳ ಹಿಂದೆ ಕೂತು, ಕತ್ತರಿಯನ್ನು ಮಗ್ಗುಲಿಗೆ ಇಟ್ಟುಕೊಂಡು ಅವಳ ಕೂದಲಿನಲ್ಲಿ ಸೀರಣಿಗೆ ಎಳೆದರು. ಬಿಳಿ ಧೋತರದ ಮೇಲೆ ಒಂದು ಬಿತ್ತು. ಮರಿಯಲ್ಲ, ಎಳ್ಳಿನಷ್ಟು ದೊಡ್ಡದು, ಕಾಲು ಆಡಿಸುತ್ತಿತ್ತು.

ಹೀನಾ ಬಾಯಿಗೆ ಓಡ್ನಿ ಒತ್ತಿಕೊಂಡಳು. ಭಾಗೀರಥೀಬಾಯಿಯ ಕೈ ಕತ್ತರಿಯ ಮೇಲೆ ಹೋಗಿ ಅಲ್ಲಿಯೇ ನಿಂತಿತು. ಎತ್ತಲಿಕ್ಕೆ ಅವರಿಗೂ ಮನಸ್ಸಿರಲಿಲ್ಲ. ನಂದಾಳ ಮುಖ ಬಿಳಿಚಿಕೊಂಡಿತ್ತು. ಆದರೆ ಅವಳು ಜಡೆಯನ್ನು ಹಿಡಿಯಲಿಲ್ಲ. ಬಗ್ಗಿ ಹೇನನ್ನು ನೋಡಿದಳು, ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದಳು.

"ಇದನ್ನ ನೀವಾ ಇಟ್ಟೀರಲ್ಲ ಅಕ್ಕಾರ?"

"ಕಥೆಗೆ ಬೇಕಿತ್ತು, ನಂದಾ."

"ಎಲ್ಲಿಂದ ತಂದ್ರಿ?"

"ಎಲ್ಲಿಂದ ಅಂದರೆ, ಕಲ್ಪನೆಯಿಂದ."

"ಕಲ್ಪನಾದಾಗಿನ ಹೇನು ಹಿಂಗ ಕಾಲ ಆಡಸಂಗಿಲ್ರಿ." ಅವಳು ಎದ್ದು ನಿಂತಳು. "ಆಯಿ, ಲಕ್ಷ್ಯಕೊಟ್ಟು ನೋಡ್ರಿ. ಹ್ವಾದ ರವಿವಾರ ನಮ್ಮೆಲ್ಲರ ತಲ್ಯಾಗ ಬರೇ ಸಣ್ಣ ಮರಿ ಇದ್ವು, ಅವನ್ನೂ ತಗದ್ವಿ. ಅದರ ಮ್ಯಾಲೆ ತತ್ತಿ ಒಡದು ಬಂದದ್ದು ಇಷ್ಟ ದೊಡ್ಡದಾಗಾಕ ಶಕ್ಯ ಇಲ್ಲ. ಇದು ನಮ್ಮ ಐದು ತಲ್ಯಾಗಿಂದಲ್ಲ. ಹೊರಗಿಂದ ಬಂದೈತಿ. ಈ ಮೂರು ವಾರ ನನ್ನ ತಲಿಗೆ ತಲಿ ಹಚ್ಚಿ ಕುಂತಾರ ಯಾರು? ಒಂದು ರವಿವಾರನೂ ಎರಕೊಳ್ಳದಾರ ಯಾರು?"

ಐದೂ ತಲೆಗಳು ನನ್ನ ಕಡೆ ತಿರುಗಿದವು. ಪೂರ್ವಾ ಬೆರಳು ಮಾಡಿ, "ಬರಿಯೂ ಅಕ್ಕಾರು ಆವಾಗಿಂದ ಕೆರಕೊಳ್ಳಲಿಕ್ಕತ್ತಾರ," ಎಂದಳು.

ನನ್ನ ಕೈ ತಲೆಯಲ್ಲಿತ್ತು. ಮೊದಲ ಪುಟದಿಂದಲೂ ಅಲ್ಲಿಯೇ ಇತ್ತು, ನೀವು ಬೇಕಾದರೆ ಹಿಂದೆ ಹೋಗಿ ನೋಡಿ. ನಾಚಿಕೆಯಿಂದ ನನ್ನ ಕಿವಿ ಬಿಸಿಯಾದವು. ನಾನು ಕಥೆಯ ಹೊರಗೆ ನಿಂತಿದ್ದೇನೆ ಎಂದುಕೊಂಡು ಎಲ್ಲರ ಮಂಚದ ಮೇಲೂ ಕೂತಿದ್ದೆ.

ಭಾಗೀರಥೀಬಾಯಿ ಕತ್ತರಿ ಎತ್ತಿಕೊಂಡರು. ಹೊಸ ಶಾಂಪೂ ಪಾಕೀಟಿನ ಮೂಲೆಯನ್ನು ಕಚ್ ಎಂದು ಕತ್ತರಿಸಿ ನಂದಾಳ ಕೈಗೆ ಕೊಟ್ಟರು. "ನಿನ್ನ ಜಡಿ ನಿನ್ನ ಹಂತ್ಯಾಕ ಇರಲಿ," ಎಂದರು. "ನಿನ್ನ ಮ್ಯಾಲೆ ಸುಮ್ಮನ ಹರಿಹಾಯ್ದೆ. ಮೊದಲ ಈ ಬರಿಯೂ ಬಾಯಾರನ್ನ ಕೂಡ್ರಸು."

"ನನ್ನದು ಶನಿವಾರ," ಎಂದೆ.

"ಬರ್ರಿ ಅಕ್ಕಾರ," ಎಂದಳು ನಂದಾ. "ಪೆನ್ ಕೆಳಗಿಡ್ರಿ. ಇವತ್ತಿಂದ ಮತ್ತ ಮೊದಲನೇ ರವಿವಾರ."

ಬಳೆಯಂತಿದ್ದ ಸಾಲು ಬಿಚ್ಚಿ ಜಾಗ ಮಾಡಿದರು. ನಾನು ಹೋಗಿ ಕೂತೆ. ತಲೆಯ ಮೇಲೆ ಬಿಸಿನೀರು ಬಿತ್ತು, ಹಿಂದಿನಿಂದ ನಂದಾಳ ಕೈ ಕುತ್ತಿಗೆಯನ್ನು ಒತ್ತಿ ಹಿಡಿಯಿತು. ಅವಳ ಒದ್ದೆ ಜಡೆ ನನ್ನ ಹೆಗಲ ಮೇಲಿಂದ ಇಳಿದು ಮಡಿಲಲ್ಲಿ ಬಿದ್ದಿತ್ತು. ಭಾರ ಇತ್ತು.

ಮುಂದೆ ಏನಾಯಿತೆಂದು ನನ್ನನ್ನು ಕೇಳಬೇಡಿ. ತಲೆ ಬಗ್ಗಿಸಿ ಕೂತವಳಿಗೆ ಧೋತರ ಬಿಟ್ಟು ಏನೂ ಕಾಣುವುದಿಲ್ಲ. ಅದರ ಬದಲು ನಾನೇ ನಿಮ್ಮನ್ನು ಒಂದು ಮಾತು ಕೇಳುತ್ತೇನೆ. ಇಷ್ಟು ಹೊತ್ತು ಈ ಪುಟದ ಮೇಲೆ ನನ್ನ ತಲೆಗೆ ತಲೆ ಹಚ್ಚಿ ಕೂತಿದ್ದೀರಲ್ಲ, ನೀವು ಎರೆದುಕೊಳ್ಳುವ ವಾರ ಯಾವುದು?